ನಾಲ್ಕುನಾಡಿನ ಅರಮನೆಯೂ ಹಾಲೇರಿಯ ಅರಸುಗಳೂ

ರಜಾದಿನಗಳು ಬಂದವೆಂದರೆ ನಮ್ಮ ಜನರು ಕುಟುಂಬಸಹಿತರಾಗಿ ಕೊಡಗಿಗೆ ಹೊರಡುವುದು ಈಗ ವಾಡಿಕೆಯಾಗಿದೆ. ತಲಕಾವೇರಿಯ ತೀರ್ಥ, ಭಾಗಮಂಡಲದ ಸಂಗಮ, ಮಡಿಕೇರಿಯ ಕೋಟೆ, ಸಂಜೆಯ ಹೊತ್ತಿಗೆ ರಾಜಾಸೀಟಿನ ತಂಗಾಳಿ, ಇಷ್ಟಾದರೆ ಯಾತ್ರೆಯು ಸಾಂಗವಾಯಿತೆಂದು ಹಿಂದಿರುಗುವವರೇ ಬಹುಮಂದಿ. ದಕ್ಷಿಣಕ್ಕೆ ತಿರುಗಿ, ಕಾಡಿನ ಅಂಚಿನಲ್ಲಿರುವ ನಾಲ್ಕುನಾಡಿನ ಅರಮನೆಯನ್ನು ನೋಡಿಬರುವವರು ಅಲ್ಪಸಂಖ್ಯಾತರು. ಆದರೆ ಕೊಡಗನ್ನು ಎರಡು ಶತಮಾನಗಳಿಗೂ ಮೇಲ್ಪಟ್ಟು ಆಳಿದ ಹಾಲೇರಿಯ ಅರಸುಗಳು ಲಿಂಗವಂತರು. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದವರು. ಮಠಗಳಿಗೆ ಭೂಮಿಕಾಣಿಗಳನ್ನು ಬಿಟ್ಟುಕೊಟ್ಟವರು. ಆ ಮನೆತನದ ಭಾಗ್ಯವೂ ದುರ್ದೆಸೆಯೂ ಒಂದೇ ಚಾವಣಿಯ ಕೆಳಗೆ ನಡೆದದ್ದು ಈ ನಾಲ್ಕುನಾಡಿನ ಮನೆಯಲ್ಲಿ. ಆದಕಾರಣ ಶ್ರೀಮಠದ ಉತ್ಸವಸಂಪುಟವನ್ನು ಓದುವ ಭಕ್ತರ ಮುಂದೆ ಅದರ ವೃತ್ತಾಂತವನ್ನು ನಿವೇದಿಸುವುದು ಅನುಚಿತವಾಗಲಾರದು.

ಮೊದಲು ಮನೆತನದ ಮೂಲವನ್ನು ಎರಡು ಮಾತಿನಲ್ಲಿ ಹೇಳಬೇಕು. ಇಕ್ಕೇರಿಯ ಅರಸುಮನೆಗೆ ಸಂಬಂಧಪಟ್ಟ ಒಬ್ಬ ಪುರುಷನು ಜಂಗಮವೇಷದಿಂದ ಕೊಡಗಿಗೆ ಬಂದು, ಮಡಿಕೇರಿಯ ಉತ್ತರಕ್ಕಿರುವ ಹಾಲೇರಿಯಲ್ಲಿ ನೆಲಸಿ, ಜನರ ಭಕ್ತಿಗೌರವಗಳನ್ನು ಸಂಪಾದಿಸಿ, ಕ್ರಮೇಣ ಪರಸ್ಪರ ಕಾದಾಡುತ್ತಿದ್ದ ನಾಯಕರನ್ನು ಅಡಗಿಸಿ ದೊರೆಯಾದನೆಂದು ಪರಂಪರೆಯ ಹೇಳಿಕೆ. ಈ ಕಥೆಯಲ್ಲಿ ಎಷ್ಟು ಪಾಲು ಚರಿತ್ರೆ, ಎಷ್ಟು ಪಾಲು ಐತಿಹ್ಯ ಎಂಬುದನ್ನು ತೂಗಿನೋಡುವುದು ಇಲ್ಲಿ ಅನಾವಶ್ಯಕ. ಆದರೂ ಕಾವಿಯನ್ನುಟ್ಟು ಬಂದವನು ಕತ್ತಿಯನ್ನು ಹಿಡಿದನೆಂಬ ಮಾತು ಆ ವಂಶದ ಬಾಗಿಲಲ್ಲಿಯೇ ನಿಂತಿದೆಯೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಬೆಟ್ಟದ ಮೇಲಣ ಹೊಸ ಊರಿಗೆ ತಂದನು. ಅವನ ಹೆಸರಿನಿಂದ ಮುದ್ದುರಾಜಕೇರಿಯಾಗಿ, ಅದೇ ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಯಿತೆಂದು ಹೇಳುತ್ತಾರೆ.

ನಾವು ಹೋದ ದಾರಿ ವಿರಾಜಪೇಟೆಯ ಮೇಲಿನದು. ಅರಮನೆಗೆ ಹತ್ತಿರವಾದ ದೊಡ್ಡ ಊರು ಅದೇ. ಪೂರ್ಣನಾಮ ವೀರರಾಜೇಂದ್ರಪೇಟೆ. ನಾಲ್ಕುನಾಡಿನ ಮನೆಯನ್ನು ಕಟ್ಟಿಸಿದ ದೊಡ್ಡ ವೀರರಾಜೇಂದ್ರನೇ 1792ರಲ್ಲಿ ಈ ಪೇಟೆಯನ್ನೂ ಕಟ್ಟಿಸಿದನು. ಅದರ ಹಿಂದಿನ ವರ್ಷ ಟೀಪೂಸುಲ್ತಾನನ ಮೇಲೆ ದಂಡೆತ್ತಿ ಮಲೆಯಾಳದ ಕಡೆಯಿಂದ ಘಟ್ಟವನ್ನೇರಿ ಬಂದ ಬೊಂಬಾಯಿಯ ಗವರ್ನರ್ ಅಬರ್‌ಕ್ರಾಂಬಿಯನ್ನು ರಾಜನು ಸಂಧಿಸಿದನಷ್ಟೆ. ಆ ಭೇಟಿಯ ಜ್ಞಾಪಕಾರ್ಥವಾಗಿ ಪೇಟೆ ಹುಟ್ಟಿತು. ಸ್ಥಳವನ್ನು ಆರಿಸುವುದರಲ್ಲಿ ರಾಜನ ಜಾಣ್ಮೆ ಕಾಣುತ್ತದೆ. ಮಲೆಯಾಳದ ಕರಾವಳಿಯಿಂದ ಘಟ್ಟವೇರಿ ಬರುವ ಸರಕಿಗೂ ಕೊಡಗಿನ ಅಕ್ಕಿ ಏಲಕ್ಕಿಗಳಿಗೂ ಅದು ಸಹಜವಾದ ತಂಗುದಾಣ. ಮಲೆತಿರಿಕೆ ಬೆಟ್ಟದ ಬುಡದಲ್ಲಿ ಹಬ್ಬಿರುವ ಪೇಟೆಯ ಬೀದಿಗಳಲ್ಲಿ ಈಗಲೂ ಕೊಡವತಕ್ಕು, ಕನ್ನಡ, ಮಲೆಯಾಳ, ತುಳು, ಕೊಂಕಣಿಗಳೆಲ್ಲ ಕಿವಿಗೆ ಬೀಳುತ್ತವೆ.

ಟೀಪುವಿನ ರಾಜ್ಯದಲ್ಲಿ ಸೆರೆಯನ್ನನುಭವಿಸಿ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ರಾಜನು ಇಲ್ಲಿ ಆಶ್ರಯವಿತ್ತು, ಅವರ ಇಗರ್ಜಿಗಾಗಿ ನೆಲವನ್ನೂ ದಯಪಾಲಿಸಿದನು. ಇಂದಿನ ಸಂತ ಅನ್ನಮ್ಮನವರ ಇಗರ್ಜಿಯ ಮೂಲ ಅದೇ. ಇದೇ ಸೀಮೆಯಲ್ಲಿ, ಪೇಟೆಗೆ ದೂರವಲ್ಲದ ಅರಮೇರಿಯಲ್ಲಿ, ಕಳಂಚೇರಿ ಮಠವು ವೀರಶೈವ ಪರಂಪರೆಯನ್ನು ಉಳಿಸಿಕೊಂಡು ಬಂದಿದೆ. ಮಠಕ್ಕೆ ಅಡ್ಡಬಿದ್ದ ಅರಸನೇ ಪರಮತದ ನಿರಾಶ್ರಿತರಿಗೆ ನೆಲೆ ಕೊಟ್ಟನೆಂಬುದು ನಮಗೆ ಹೆಮ್ಮೆಯ ಸಂಗತಿಯಾಗಿರಬೇಕು. ಆದರೆ ಇದೇ ಕೈ ಬೇರೆ ಕೆಲಸಗಳನ್ನೂ ಮಾಡಿತು. ಅದನ್ನು ಮುಂದೆ ಹೇಳದೆ ಗತ್ಯಂತರವಿಲ್ಲ.

ವಿರಾಜಪೇಟೆಯಿಂದ ಕಕ್ಕಬ್ಬೆಯ ಕಡೆಗೆ ಹೊರಟರೆ ಗದ್ದೆ ಬಯಲುಗಳು ಹಿಂದಾಗಿ, ಕಾಫಿಯ ತೋಟಗಳೂ ಕಿತ್ತಿಳೆಯ ಮರಗಳೂ ಎದುರಾಗುತ್ತವೆ. ಕಕ್ಕಬ್ಬೆಯು ಜೇನುತುಪ್ಪಕ್ಕೆ ಹೆಸರಾಂತ ಊರು. ಮಳೆಬೆಳೆಗಳ ದೇವರೆಂದು ಕೊಡವರು ಆರಾಧಿಸುವ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯೂ ಇಲ್ಲಿಯೇ. ಹುತ್ತರಿ ಹಬ್ಬದ ಮುಹೂರ್ತವನ್ನು ಗೊತ್ತುಮಾಡುವುದು ಈ ಸನ್ನಿಧಿಯಲ್ಲಿ. ಮುಂದೆ ಯವಕಪಾಡಿ ಗ್ರಾಮ. ಅಲ್ಲಿ ತಡಿಯಂಡಮೋಳ್ ಬೆಟ್ಟವು ಆಕಾಶವನ್ನು ಮುಚ್ಚಿದಂತೆ ನಿಲ್ಲುತ್ತದೆ. 1748 ಮೀಟರು ಎತ್ತರವಾದ ಈ ಬೆಟ್ಟಕ್ಕಿಂತ ಎತ್ತರವಾದುದು ಕೊಡಗಿನಲ್ಲಿ ಮತ್ತೊಂದಿಲ್ಲ. ಅದರ ತಪ್ಪಲಲ್ಲಿ, ಮರಗಳ ನಡುವೆ, ಅರಮನೆಯು ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತದೆ.

ಮೈಸೂರಿನ ಅರಮನೆಯನ್ನು ಕಂಡ ಕಣ್ಣಿಗೆ ಇದು ಅರಮನೆಯೆಂದು ತೋರಲಾರದು. ನಮ್ಮ ಸಂಗಡ ಬಂದಿದ್ದ ಹುಡುಗರು, "ಇಷ್ಟೇನೆಯೇ?" ಎಂದು ಕೇಳಿಯೇ ಬಿಟ್ಟರು. ಎರಡು ಅಂತಸ್ತಿನ ಹೆಂಚಿನ ಮನೆ. ಮುಂಗಡೆಯಲ್ಲಿ ಕೆತ್ತನೆಯ ಮರದ ಕಂಬಗಳು. ಒಳಗೆ ತಗ್ಗಾದ ಬಾಗಿಲುಗಳು, ಮರದ ಚಾವಣಿ, ಬಣ್ಣ ಮಾಸಿದ ಭಿತ್ತಿಚಿತ್ರಗಳು. ಹಳ್ಳಿಯ ಶ್ರೀಮಂತ ಗೌಡರ ತೊಟ್ಟಿಮನೆಗಳಲ್ಲಿ ಕೆಲವು ಇದಕ್ಕಿಂತ ದೊಡ್ಡವು. ಆದರೆ ಒಳಕ್ಕೆ ಹೋದಂತೆ ಹೋದಂತೆ ಬೆಳಕು ಕಡಮೆಯಾಗುತ್ತದೆ. ಹಗಲಿನಲ್ಲಿಯೇ ಕೈಯೂರಿ ನಡೆಯಬೇಕಾದ ಕೋಣೆಗಳಿವೆ. ಶತ್ರುಗಳು ನುಗ್ಗಿದರೆ ಅಡಗಿಕೊಳ್ಳುವುದಕ್ಕೆಂದು ಮಾಡಿದ ಕತ್ತಲೆಕೋಣೆಗಳಿವು ಎಂದು ಅಲ್ಲಿನವರು ತೋರಿಸುತ್ತಾರೆ. ಒಟ್ಟಿನಲ್ಲಿ ಇದು ವೈಭವವನ್ನು ಮೆರೆಯುವುದಕ್ಕಾಗಿ ಎತ್ತಿದ ಕಟ್ಟಡವಲ್ಲ. ಜೀವವನ್ನು ಉಳಿಸಿಕೊಳ್ಳುವುದಕ್ಕಾಗಿ ಕಟ್ಟಿದ್ದು. ಹಾಗೆಂದು ತಿಳಿದ ಬಳಿಕ ಅದರ ಅಳತೆಯು ಸರಿಯಾಗಿಯೇ ಇದೆಯೆಂದು ತೋರುತ್ತದೆ. ಈಗ ಇದು ಸರ್ಕಾರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾಗಿದೆ. ನೋಡಲು ಹೋಗುವ ಭಕ್ತರಲ್ಲಿ ಒಂದು ಬಿನ್ನಹ: ಗೋಡೆಗಳ ಮೇಲೆ ತಮ್ಮ ಹೆಸರುಗಳನ್ನು ಗೀಚದಿರಲಿ. ಗೀಚಿದವರಾರೂ ಅದರಿಂದ ಚಿರಂಜೀವಿಗಳಾಗಲಿಲ್ಲ.

ಪ್ರಾಣಭಯವು ಯಾತಕ್ಕೆ ಎಂದರೆ, ಹಿಂದಿನ ಕಥೆಯನ್ನು ಹೇಳಬೇಕಾಗುತ್ತದೆ. ಹಾಲೇರಿ ಮತ್ತು ಹೊರಮಲೆಯ ಎರಡು ಶಾಖೆಗಳ ದಾಯಾದಿ ಕಲಹದಲ್ಲಿ ಲಿಂಗರಾಜನು ಹೈದರಾಲಿಯ ಸಹಾಯವನ್ನು ಬೇಡಿ ಪಟ್ಟವನ್ನು ಪಡೆದನು. ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದ ಮೇಲೆ ಬಾಗಿಲನ್ನು ಮುಚ್ಚುವುದು ಸುಲಭವಲ್ಲ. 1780ರಲ್ಲಿ ಲಿಂಗರಾಜನು ಲಿಂಗೈಕ್ಯನಾಗಲು, ಮಕ್ಕಳು ಪ್ರಾಪ್ತವಯಸ್ಕರಾಗುವವರೆಗೆ ರಾಜ್ಯವನ್ನು ತಾನೇ ನೋಡಿಕೊಳ್ಳುವೆನೆಂದು ಹೇಳಿ ಹೈದರನು ಕೊಡಗನ್ನು ಸ್ವಾಧೀನಪಡಿಸಿಕೊಂಡು, ರಾಜಕುಮಾರರನ್ನು ಗೊರೂರಿನಲ್ಲಿರಿಸಿದನು. ಟೀಪುವು ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದನು. ಮಡಿಕೇರಿಯ ಹೆಸರು ಜಾಫರಾಬಾದ್ ಎಂದಾಯಿತು. ಅಸಂಖ್ಯಾತ ಕೊಡವ ಕುಟುಂಬಗಳು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವು. ಸೆರೆಯಲ್ಲಿ ಬೆಳೆದ ಹಿರಿಯ ಮಗನು 1788ರ ಡಿಸೆಂಬರಿನಲ್ಲಿ ಕೊಡವ ವೀರರ ನೆರವಿನಿಂದ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಕೊಡಗಿನ ಕಾಡನ್ನು ಸೇರಿದನು. ಅವನೇ ದೊಡ್ಡ ವೀರರಾಜೇಂದ್ರ. ಕಾಡಿನಲ್ಲಿದ್ದುಕೊಂಡೇ ಅವನು ಟೀಪುವಿನ ಠಾಣ್ಯಗಳನ್ನು ಒಂದೊಂದಾಗಿ ಹಿಡಿದನು. 1790ರ ಅಕ್ಟೋಬರಿನಲ್ಲಿ ತಲಚೇರಿಯಲ್ಲಿದ್ದ ಇಂಗ್ಲಿಷ್ ಕಂಪೆನಿಯವರ ಸಂಗಡ ಕೌಲುಕರಾರು ಮಾಡಿಕೊಂಡನು. ಅಪ್ಪನು ಒಬ್ಬ ಹೊರಗಿನವನನ್ನು ಕರೆದನು. ಅವನಿಂದ ಬಿಡಿಸಿಕೊಳ್ಳಲು ಮಗನು ಮತ್ತೊಬ್ಬನನ್ನು ಕರೆಯಬೇಕಾಯಿತು. 1792ರಿಂದ 1794ರವರೆಗೆ ಕಟ್ಟಿಸಿದ ಈ ಕಾಡಿನ ಮನೆಯು, ಗೆದ್ದ ಮೇಲೂ ಆ ರಾಜನ ಎದೆಯೊಳಗಿನ ಸೆರೆಯು ತೀರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಅರಮನೆಯ ಮುಂದೆ ಅಂದವಾದ ಒಂದು ಚಿಕ್ಕ ಮಂಟಪವಿದೆ. ಅದೇ ಮದುವೆಯ ಮಂಟಪ. 1796ರಲ್ಲಿ ದೊಡ್ಡ ವೀರರಾಜೇಂದ್ರನಿಗೂ ಮಹದೇವಮ್ಮಾಜಿಗೂ ವಿವಾಹವು ಇಲ್ಲಿ ಜರುಗಿತು. ರಾಜನಿಗೆ ಆ ರಾಣಿಯ ಮೇಲಿದ್ದ ಪ್ರೀತಿಯು ಅಸಾಧಾರಣವಾದದ್ದೆಂದು ಎಲ್ಲ ಚರಿತ್ರಕಾರರೂ ಒಪ್ಪುತ್ತಾರೆ. ಗಂಡುಸಂತಾನವಿಲ್ಲದ್ದರಿಂದ ರಾಜ್ಯವು ಹೆಣ್ಣುಮಕ್ಕಳ ಸಂತತಿಗೆ ಹೋಗಬೇಕೆಂದು ಅವನು ಇಚ್ಛಿಸಿ, ಅದಕ್ಕೆ ಕಂಪೆನಿಯವರ ಒಪ್ಪಿಗೆಯನ್ನೂ ಬಯಸಿದನು. ಕನ್ನಡಿಗರು ಮರೆಯಬಾರದ ‘ರಾಜೇಂದ್ರನಾಮೆ’ ಎಂಬ ಗ್ರಂಥವು ಹುಟ್ಟಿದ್ದು ಈ ರಾಜನ ಆಜ್ಞೆಯಿಂದಲೇ. 1633ರಿಂದ 1807ರವರೆಗಿನ ವಂಶಚರಿತ್ರೆಯನ್ನು ಅದು ಕನ್ನಡ ಗದ್ಯದಲ್ಲಿ ಹೇಳುತ್ತದೆ. 1808ರಲ್ಲಿ ಇಂಗ್ಲಿಷಿಗೂ ಪರಿವರ್ತಿತವಾಯಿತು. ಅರಸನು ತನ್ನ ಮನೆತನದ ಕಥೆಯನ್ನು ತಾನೇ ಬರೆಯಿಸಿದರೆ ಅದರಲ್ಲಿ ಏನಿರುವುದು, ಏನಿರದಿರುವುದು ಎಂಬುದನ್ನು ವಾಚಕರು ಊಹಿಸಬಹುದು. ಆದರೂ ಕೊಡಗಿನ ಚರಿತ್ರೆಗೆ ಅದಕ್ಕಿಂತ ಹತ್ತಿರದ ಆಧಾರವು ಬೇರಿಲ್ಲ.

1807ರಲ್ಲಿ ಮಹದೇವಮ್ಮಾಜಿಯು ಲಿಂಗೈಕ್ಯಳಾದಳು. ಅಲ್ಲಿಂದ ಮುಂದೆ ರಾಜನ ಚಿತ್ತವು ಕೆಟ್ಟಿತು. ಯಾರನ್ನು ಕಂಡರೂ ಸಂಶಯ. ಸಂಶಯ ಬಂದವರಿಗೆ ಮರಣ. ಬೆಳಿಗ್ಗೆ ಪಶ್ಚಾತ್ತಾಪಪಡುವಂಥ ಆಜ್ಞೆಗಳನ್ನು ರಾತ್ರಿ ಕೊಡುತ್ತಿದ್ದನು. 1809ರ ಜೂನಿನಲ್ಲಿ ಅವನು ಗತಿಸಿದನು. ಹಿರಿಯ ಮಗಳು ದೇವಮ್ಮಾಜಿಯು ಹೆಸರಿಗೆ ರಾಣಿಯಾದಳೇ ಹೊರತು, ರಾಜನ ತಮ್ಮ ಲಿಂಗರಾಜೇಂದ್ರನು 1811ರಲ್ಲಿ ಅವಳನ್ನು ಬದಿಗೊತ್ತಿ ತಾನೇ ಪಟ್ಟಕ್ಕೆ ಬಂದನು. ಮದುವೆಯ ಮಂಟಪದ ಮುಂದೆ ನಿಂತು ಅಣ್ಣನು ಮಗಳಿಗಾಗಿ ಕಟ್ಟಿದ ಆಸೆಯನ್ನು ನೆನೆದರೆ, ಅಲ್ಲಿನ ಕೆತ್ತನೆಯನ್ನು ನೋಡಿದ ಸಂತೋಷವು ಅರ್ಧಕ್ಕಿಳಿಯುತ್ತದೆ. ಲಿಂಗರಾಜೇಂದ್ರನು ಕಠಿಣನಾದರೂ ದಕ್ಷನು. ಭೂಮಿಯನ್ನು ಅಳೆಯಿಸಿ ಶಿಸ್ತು ಮಾಡಿಸಿದನು. ಅಧಿಕಾರಿಗಳಿಗೆ ‘ಹುಕುಂನಾಮೆ’ಯನ್ನು ಬರೆಯಿಸಿಕೊಟ್ಟನು. ಕೊಡಗಿನ ಜಮೀನುಗಳ ವ್ಯವಸ್ಥೆಗೆ ಅವನ ಶಿಸ್ತು ಬಹುಕಾಲ ತಳಹದಿಯಾಗಿತ್ತು.

ಅವನ ಮಗನೇ ಚಿಕ್ಕ ವೀರರಾಜೇಂದ್ರ. 1820ರಲ್ಲಿ ಪಟ್ಟಕ್ಕೆ ಬಂದನು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಾದಂಬರಿಯನ್ನು ಓದಿದವರಿಗೆ ಈ ಅರಸನ ಹೆಸರು ಪರಿಚಿತವೇ. ಆದರೆ ಕಾದಂಬರಿಯು ಕಾದಂಬರಿಯೇ. ಅದನ್ನು ಚರಿತ್ರೆಯೆಂದು ಎಣಿಸುವುದು ಕವಿಗೂ ಚರಿತ್ರೆಗೂ ಅನ್ಯಾಯ. ಸಂಗತಿಯು ಸಂಕ್ಷೇಪದಲ್ಲಿ ಹೀಗಿದೆ: ರಾಜನ ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸಪ್ಪನೂ 1832ರಲ್ಲಿ ಪ್ರಾಣಭೀತಿಯಿಂದ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಮರೆಹೊಕ್ಕರು. ಅವರನ್ನು ಒಪ್ಪಿಸಬೇಕೆಂದು ರಾಜನೂ, ಒಪ್ಪಿಸುವುದಿಲ್ಲವೆಂದು ಕಂಪೆನಿಯವರೂ ಹಟ ಹಿಡಿದರು. ರಾಜನು ಕಂಪೆನಿಯ ಕಡೆಯಿಂದ ಬಂದ ದೂತನನ್ನು ತಡೆದಿರಿಸಿಕೊಂಡನು. 1834ರ ಏಪ್ರಿಲಿನಲ್ಲಿ ಸೈನ್ಯವು ಹಲವು ದಾರಿಗಳಿಂದ ಕೊಡಗನ್ನು ಪ್ರವೇಶಿಸಿತು. ಕೆಲವೆಡೆ ಕೊಡಗರು ಕಾದಿ ಶತ್ರುವನ್ನು ಹಿಮ್ಮೆಟ್ಟಿಸಿದರು; ಕೆಲವೆಡೆ ದಿವಾನರೇ ದಾರಿ ತೋರಿಸಿದರು. 6ನೆಯ ತಾರೀಖಿನಂದು ಮಡಿಕೇರಿಯ ಕೋಟೆಯ ಮೇಲೆ ಇಂಗ್ಲಿಷರ ಬಾವುಟವು ಏರಿತು. ಆ ವೇಳೆಗೆ ರಾಜನು ಎಲ್ಲಿದ್ದನು? ದೊಡ್ಡಪ್ಪನು ಕಟ್ಟಿಸಿದ ಈ ನಾಲ್ಕುನಾಡಿನ ಮನೆಯಲ್ಲಿ. ಆದರೆ ಟೀಪುವಿನಂಥ ಶತ್ರುವಿಗೆ ಮರೆಯಾಗಲೆಂದು ಮಾಡಿದ ಕತ್ತಲೆಕೋಣೆಗಳು ಈ ಶತ್ರುವಿಗೆ ಮರೆಯಾಗಲಿಲ್ಲ. ರಾಜನು ಅಲ್ಲಿಂದ ಹೊರಟುಬಂದು 10ನೆಯ ತಾರೀಖು ಮಡಿಕೇರಿಯಲ್ಲಿ ಕರ್ನಲ್ ಫ್ರೇಸರನ ವಶನಾದನು. ಮೇ 7ರಂದು ಕೊಡಗು ಕಂಪೆನಿಯ ಸೀಮೆಯೆಂದು ಪ್ರಕಟವಾಯಿತು.

ಇಲ್ಲಿಂದ ಮಡಿಕೇರಿಗೆ ನಾಪೋಕ್ಲಿನ ಮೇಲೆ ಹೋಗಬಹುದು. ಸೋತ ಅರಸನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಾಜಧಾನಿಯನ್ನು ಹೊಕ್ಕರೆ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಬೀಳುತ್ತವೆ. ಕೋಟೆಯು ಮುದ್ದುರಾಜನ ಕಾಲದಲ್ಲಿ ಮಣ್ಣಿನದು; ಕಲ್ಲಿನಿಂದ ಕಟ್ಟಿಸಿದವನು ಟೀಪು. ಒಳಗಿನ ಅರಮನೆಯನ್ನು ಲಿಂಗರಾಜೇಂದ್ರನು 1812ರಿಂದ 1814ರವರೆಗೆ ಹೊಸದಾಗಿ ಎತ್ತಿಸಿದನು. ಉದ್ದನೆಯ ಎರಡು ಅಂತಸ್ತಿನ ಆ ಕಟ್ಟಡವು ಮುಂದೆ ಬಹುಕಾಲ ಸರ್ಕಾರದ ಕಚೇರಿಗಳ ನೆಲೆಯಾಗಿತ್ತು. ಆವರಣದಲ್ಲಿ ನಿಂತಿರುವ ಎರಡು ಗಾರೆಯ ಆನೆಗಳನ್ನು ಕಂಡು ಮಕ್ಕಳು ನಲಿದಾಡುತ್ತಾರೆ. ಕೋಟೆಯೊಳಗೆ ಒಂದು ವೀರಭದ್ರನ ಗುಡಿಯಿತ್ತು. ಇಂಗ್ಲಿಷರು 1855ರಲ್ಲಿ ಅದನ್ನು ತೆಗೆಯಿಸಿ, ತಮ್ಮ ಆರಾಧನೆಗಾಗಿ ಇಗರ್ಜಿಯನ್ನು ಕಟ್ಟಿಕೊಂಡರು. ಈಗ ಆ ಇಗರ್ಜಿಯೂ ಪ್ರಾಚ್ಯವಸ್ತು ಸಂಗ್ರಹಾಲಯವಾಗಿದೆ. ಊರೊಳಗಿನ ಓಂಕಾರೇಶ್ವರ ದೇವಾಲಯವು 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ್ದು. ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮುಂದೆ ಕಲ್ಯಾಣಿ, ನೀರಿನ ನಡುವೆ ಮಂಟಪ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ದೋಷದ ಪರಿಹಾರಕ್ಕಾಗಿ ರಾಜನು ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠೆ ಮಾಡಿಸಿದನೆಂದು ಜನರ ಹೇಳಿಕೆ.

ಇನ್ನು ಭಕ್ತರ ಮುಂದೆ ಸ್ಪಷ್ಟವಾಗಿ ಹೇಳಬೇಕಾದ ಮಾತಿದೆ. ಈ ಅರಸುಗಳು ನಮ್ಮವರೆಂಬ ಅಭಿಮಾನದಿಂದ ಕೆಲವರು ಅವರ ಕ್ರೌರ್ಯಗಳೆಲ್ಲ ಪರಕೀಯರ ಕಟ್ಟುಕಥೆಯೆನ್ನುತ್ತಾರೆ. ಬೇರೆ ಕೆಲವರು ಇಂಗ್ಲಿಷರು ಬರೆದಿಟ್ಟದ್ದನ್ನೇ ವೇದವಾಕ್ಯವೆಂದು ನಂಬಿ ಇಡೀ ಮನೆತನವನ್ನೇ ಹಳಿಯುತ್ತಾರೆ. ಕನ್ನಡಕ್ಕೆ ಮಹೋಪಕಾರ ಮಾಡಿದ ಮೋಗ್ಲಿಂಗ್ ಪಾದ್ರಿಯವರು 1855ರಲ್ಲಿ ಕೊಡಗನ್ನು ಕುರಿತು ಬರೆದ ಗ್ರಂಥದಲ್ಲಿಯೂ ಈ ರಾಜರ ಚಿತ್ರವು ಮಸಿಯಿಂದಲೇ ಬರೆದಂತಿದೆ. ನಮಗೆ ತೋರುವುದೇನೆಂದರೆ, ಎರಡೂ ಪಕ್ಷಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಓದಿವೆ. ಕೊಲೆಗಳು ನಡೆದವು. ದಾಯಾದಿಗಳ ರಕ್ತದಿಂದ ಈ ಸಿಂಹಾಸನವು ಒಂದಲ್ಲ ಎರಡಲ್ಲ, ಅನೇಕ ಸಲ ತೊಯ್ದಿತು. ಕೊರಳಿನ ಲಿಂಗವು ಕೈಯ ಕತ್ತಿಯನ್ನು ತಡೆಯಲಿಲ್ಲ. ದಯವನ್ನೇ ಧರ್ಮದ ಮೂಲವೆಂದು ಸಾರಿದ ಶರಣರ ಸಂತತಿಯೆಂದು ಹೇಳಿಕೊಳ್ಳುವ ನಾವು ಇದನ್ನು ಮುಚ್ಚಿಡಲು ಹೋದರೆ, ಮರೆಮಾಚುವುದು ಅರಸನನ್ನಲ್ಲ, ಶರಣರ ಮಾತನ್ನು.

ಆದರೆ ಇಂಗ್ಲಿಷರ ಪ್ರಕಟಣೆಯು ಹೇಳಿದ್ದೇನು? ಕೊಡಗಿನ ಪ್ರಜೆಗಳೆಲ್ಲ ಒಮ್ಮತದಿಂದ ತಮ್ಮ ಆಳ್ವಿಕೆಯನ್ನು ಬಯಸಿದ್ದರಿಂದ ಸೀಮೆಯನ್ನು ವಹಿಸಿಕೊಂಡೆವೆಂದು. ಗೋವಧೆಯಾಗುವುದಿಲ್ಲವೆಂದು ಫ್ರೇಸರನು ಆಶ್ವಾಸನವನ್ನೂ ಕೊಟ್ಟನು. ಒಮ್ಮತವು ಎಂಥದೆಂಬುದು ಮೂರೇ ವರ್ಷಗಳಲ್ಲಿ ಗೊತ್ತಾಯಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕೆಂದು ವಿಧಿಸಿದ ಮೇಲೆ, 1837ರಲ್ಲಿ ರೈತರು ದಂಗೆಯೆದ್ದರು. ಅದರ ಮುಂಚೂಣಿಯಲ್ಲಿ ಕೇಳಿಬರುವ ಹೆಸರುಗಳು ಅಪರಂಪರಸ್ವಾಮಿ, ಕಲ್ಯಾಣಸ್ವಾಮಿ. ಹಾಲೇರಿಯ ವಂಶದ ಹೆಸರನ್ನು ಹೇಳಿಕೊಂಡು ಜಂಗಮವೇಷದಿಂದ ಹೊರಟವರು. ದಂಡು ಸುಳ್ಯ, ಬೆಳ್ಳಾರೆಗಳ ಮೇಲೆ ಸಾಗಿ ಮಂಗಳೂರನ್ನೂ ಕೆಲವು ದಿನಗಳ ಮಟ್ಟಿಗೆ ಹಿಡಿದಿತ್ತು. ಕೊನೆಗೆ ದಂಗೆಯು ಅಡಗಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಅರಸರು ಅಷ್ಟು ಕ್ರೂರಿಗಳಾಗಿದ್ದರೆ ಅವರ ಹೆಸರನ್ನು ಹೇಳಿದ ಮಾತ್ರಕ್ಕೆ ರೈತರು ಪ್ರಾಣವನ್ನೊಡ್ಡಿದ್ದೇಕೆ? ಈ ಪ್ರಶ್ನೆಯನ್ನು ಪ್ರಕಟಣೆಯನ್ನು ಬರೆದವರಾಗಲಿ, ಅದನ್ನು ನಂಬಿದವರಾಗಲಿ ಕೇಳಿಕೊಳ್ಳಲಿಲ್ಲ.

ಪದಚ್ಯುತನಾದ ರಾಜನು ವೇಲೂರಿನ ಮೇಲೆ ಕಾಶಿಗೆ ಕಳುಹಿಸಲ್ಪಟ್ಟನು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದನು. ದೊಡ್ಡಪ್ಪನು ಕಂಪೆನಿಯಲ್ಲಿ ಬಡ್ಡಿಗೆ ಇಟ್ಟಿದ್ದ ಹಣವು ತನಗೆ ಸಲ್ಲಬೇಕೆಂದು ಅಲ್ಲಿನ ನ್ಯಾಯಾಸ್ಥಾನದಲ್ಲಿ ಕಂಪೆನಿಯ ಮೇಲೆಯೇ ವ್ಯಾಜ್ಯ ಹೂಡಿದನು. ಗೌರಮ್ಮನಿಗೆ ಆ ವರ್ಷವೇ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ಮಹಾರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ವ್ಯಾಜ್ಯವು ವರುಷಗಟ್ಟಲೆ ಎಳೆದು, ತೀರ್ಪು ಬರುವುದರೊಳಗೆ 1859ರಲ್ಲಿ ರಾಜನು ಲಂಡನ್ನಿನಲ್ಲಿಯೇ ಮೃತನಾದನು. ಯುದ್ಧದಲ್ಲಿ ಗೆದ್ದುಕೊಂಡದ್ದರ ಮೇಲೆ ನ್ಯಾಯಾಸ್ಥಾನವು ವಿಚಾರಿಸತಕ್ಕದ್ದಿಲ್ಲವೆಂದು 1860ರಲ್ಲಿ ತೀರ್ಪಾಯಿತು. ಪ್ರಜೆಗಳ ಇಷ್ಟದಿಂದ ವಹಿಸಿಕೊಂಡೆವೆಂದು ಮಡಿಕೇರಿಯಲ್ಲಿ ಹೇಳಿದ್ದು, ಹಣದ ಮಾತು ಬಂದಾಗ ಲಂಡನ್ನಿನಲ್ಲಿ ಯುದ್ಧದಲ್ಲಿ ಗೆದ್ದದ್ದಾಯಿತು. ಗೌರಮ್ಮನೂ 1864ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡಳು.

ಮಡಿಕೇರಿಯಲ್ಲಿ ಕಡೆಯದಾಗಿ ನೋಡತಕ್ಕದ್ದು ಗದ್ದಿಗೆ. ಊರಿನ ಅಂಚಿನಲ್ಲಿ, ದಿಣ್ಣೆಯ ಮೇಲೆ, ಗುಮ್ಮಟಗಳೂ ಮಿನಾರುಗಳೂ ಉಳ್ಳ ಸಮಾಧಿಗಳು. ದೂರದಿಂದ ನೋಡಿದವರು ಯಾರೋ ನವಾಬರ ಗೋರಿಗಳೆಂದುಕೊಳ್ಳುವರು. ಹತ್ತಿರ ಹೋದರೆ ಗುಮ್ಮಟದ ಮೂಲೆಗಳಲ್ಲಿ ನಂದಿಗಳು ಕುಳಿತಿರುವುದು ಕಾಣುತ್ತದೆ. ಒಂದರಲ್ಲಿ ದೊಡ್ಡ ವೀರರಾಜೇಂದ್ರನೂ ಮಹದೇವಮ್ಮಾಜಿಯೂ ಜೊತೆಯಲ್ಲಿದ್ದಾರೆ. ಪಕ್ಕದಲ್ಲಿ ಲಿಂಗರಾಜೇಂದ್ರನದು, 1820ರಲ್ಲಿ ಮಗನು ಕಟ್ಟಿಸಿದ್ದು. ಟೀಪುವಿನ ಸೈನ್ಯದೊಡನೆ ಕಾದಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಅದೇ ಆವರಣದಲ್ಲಿದೆ. ಚಿಕ್ಕ ವೀರರಾಜೇಂದ್ರನದು ಅಲ್ಲಿಲ್ಲ. ಮೂರನೆಯ ಗದ್ದಿಗೆಯು ರಾಜಗುರುಗಳದು. ಅದನ್ನು ಕಟ್ಟಿದ್ದು, ಅರಸನು ನಾಡನ್ನು ಬಿಟ್ಟು ಹೋದ 1834ನೆಯ ಇಸವಿಯಲ್ಲಿ.